ನಿನ್ನ ಐದು, ನನ್ನ ಐದು

"ಯಾಕೆ ಬಂದೆ? ಶಾಂಘೈಯಲ್ಲೇ ಬಿದ್ದಿರಬೇಕಿತ್ತು."

ಬಾಗಿಲು ತೆರೆದವಳೇ ನುರಿಮಾನ್ ಸಿಡುಕಿದಳು. ಎಲ್ಯಾರ್ ಸಿಹಿತಿಂಡಿಯ ಡಬ್ಬ ಹಿಡಿದು ನಗುತ್ತ ನಿಂತಿದ್ದ. ಒಂದೂವರೆ ವರ್ಷದ ಮೇಲೆ ಕಂಡ ಆ ನಗು ಅವಳ ಮೈಯೆಲ್ಲ ಉರಿಸಿತು.

"ಸರಿಯಾದ ಹೊತ್ತಿಗೇ ಬಂದಿದೀನಲ್ಲ, ನುರೀ..."

"ಸರಿಯಾದ ಹೊತ್ತಾ? ನಮ್ಮ ಸೋದರತ್ತೆ, ಮಾವ ಎಲ್ಲ ಕಾದು ಕಾದು ಎದ್ದು ಹೋದ್ರು. ಅಪ್ಪನ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ."

ಶಾಂಘೈಯಿಂದ ಚೀನಾದ ಪಶ್ಚಿಮದಂಚಿನ ಈ ಉರುಮ್ಚಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು, ವಿಮಾನದಲ್ಲಿ ಐದೂವರೆ ಗಂಟೆ. ಈ ಲೆಕ್ಕ ಅವಳಿಗೆ ಬಾಯಿಪಾಠ. ಅಷ್ಟು ದೂರ ಹೋದವನು ನಮ್ಮವನಾಗಿ ಉಳಿಯುವುದಿಲ್ಲ ಎಂದು ಹಟ ಹಿಡಿದಿದ್ದ ಅಪ್ಪನನ್ನು ಅತ್ತು ಕರೆದು ಒಪ್ಪಿಸಿ, ಈ ಭಾನುವಾರ ಮದುವೆ ಮಾತುಕತೆಗೆ ಕೂರಿಸಿದ್ದಳು.

ಚಹಾ ಮೂರು ಸಲ ಆರಿಹೋಯಿತು. ಅವಳು ಫೋನಿಗೆ ಕೈ ಹಾಕಿದಾಗ, ಕೂಗಿ ಕರೆಸಿಕೊಳ್ಳುವ ಅಳಿಯ ತನಗೆ ಬೇಡವೆಂದು ಅಪ್ಪ ಅದನ್ನು ಕಿತ್ತಿಟ್ಟುಕೊಂಡರು. ಹೊರಡುವಾಗ ಅತ್ತೆ ಬಟ್ಟೆ ಅಂಗಡಿಯವನ ಸಂಬಂಧದ ಮಾತೆತ್ತಿದಳು. ಅಪ್ಪ ಬೇಡವೆನ್ನಲಿಲ್ಲ.

"ವಿಮಾನ ಬೇಗನೇ ಇಳೀತು, ನುರೀ. ತಿರುವಿನ ಚಹಾದಂಗಡೀಲಿ ಕೂತಿದ್ದೆ, ಐದಾಗಲಿ ಅಂತ."

'ಎರಡು ಬೀದಿ ಆಚೆ... ನಾನಿಲ್ಲಿ ಸಾಯುತ್ತಿದ್ದಾಗ!'

"ಐದೂವರೆ ಗಂಟೆ ಹಾರಿ ಬಂದವನಿಗೆ ಐದು ನಿಮಿಷ ನಡೆಯೋಕೆ ಕಾಲು ಬರಲಿಲ್ವಾ?"

ಈಗ ಅವನಿಗೂ ರೇಗಿತು.

"ಐದಕ್ಕೆ ಬಾ ಅಂದಿದ್ದು ನೀನೇ ತಾನೇ? ನೋಡು, ಎಷ್ಟಾಗಿದೆ?"

ಅವನು ಚಾಚಿದ ಕೈಗಡಿಯಾರದಲ್ಲಿ ಐದು. ಅವಳದರಲ್ಲಿ ಏಳು.

ಉರುಮ್ಚಿಯಲ್ಲಿ ಹೊತ್ತು ಎರಡು ಬಗೆ. ಕಚೇರಿಗೆ, ರೈಲಿಗೆ ಬೀಜಿಂಗ್ ಸಮಯ. ಮನೆಯ ಊಟ, ನೆಂಟಸ್ತನಕ್ಕೆ ಅದಕ್ಕಿಂತ ಎರಡು ಗಂಟೆ ಹಿಂದಿರುವ ಊರ ಸಮಯ.

"ಅಲ್ಲಿಯವನಾಗಿದೀಯ, ನಿನಗೆ ತಿಳೀಲಿ ಅಂತ ಬೀಜಿಂಗ್ ಐದು ಹೇಳಿದ್ದೆ ಕಣೋ. ಅಂದ್ರೆ ನಮ್ಮ ಮೂರು."

"ಮನೆಗೆ ಕರೆದಿದ್ದು ನೀನು. ಊರ ಐದೇ ಅಂದ್ಕೊಂಡೆ."

"ನಾಲ್ಕು ವರ್ಷ ಶಾಂಘೈಯಲ್ಲಿದ್ದು ಇನ್ನೂ ಊರ ಹೊತ್ತು ಕಟ್ಕೊಂಡಿದೀಯಾ?"

"ನೀನು ಎದ್ಯೋ, ಉಂಡ್ಯೋ ನನಗೆ ಗೊತ್ತಾಗಬೇಕಲ್ಲ." ಅವನ ದನಿ ಇಳಿಯಿತು. "ನಿನ್ನ ಕೈಯಲ್ಲಿ ಬೀಜಿಂಗ್ ಹೊತ್ತು ಯಾಕಿದೆ?"

ಅವಳು ಗಡಿಯಾರದ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಅದೂ ಇದೇ ಕಾರಣಕ್ಕೆ, ಅವನು ಎದ್ದನೋ, ಉಂಡನೋ ತಿಳಿಯಲು. ಇವನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

ಒಳಗಿನಿಂದ ಅಪ್ಪ ಬಂದು ಎಲ್ಯಾರ್‌ನ ಕೈ ಹಿಡಿದೆಳೆದರು. ಅವನ ಗಡಿಯಾರ ನೋಡಿದರು. ಗೋಡೆಯ ಗಡಿಯಾರ ನೋಡಿದರು. ಎರಡರಲ್ಲೂ ಐದು ದಾಟಿತ್ತು.

"ಅಷ್ಟು ದೂರ ಹೋಗಿಯೂ ನಮ್ಮ ಹೊತ್ತು ಬಿಟ್ಟಿಲ್ಲ, ಕತ್ತೆ ಮಗ." ಗೊಣಗುತ್ತಲೇ ಅವರು ಮಗಳತ್ತ ತಿರುಗಿದರು. "ತಗೋ ಫೋನು. ನಿನ್ನ ಅತ್ತೆಗೆ ಹೇಳು, ಬಟ್ಟೆ ಅಂಗಡಿಯವನ ಸುದ್ದಿ ಬೇಡ. ನಾಳೆ ಮತ್ತೆ ಕೂರೋಣ."

ಅಪ್ಪ ಒಳಗೆ ಹೋದರು. ಎಲ್ಯಾರ್ ಮೆಲ್ಲಗೆ ಕೇಳಿದ.

"ನಾಳೆ ಎಷ್ಟು ಗಂಟೆಗೆ ಬರ್ಲಿ?"

ನುರಿಮಾನ್ ಕಣ್ಣೊರೆಸಿಕೊಂಡು ಅವನ ಕೈಯಿಂದ ಡಬ್ಬ ಕಿತ್ತುಕೊಂಡಳು.

"ಬರೋದೇನೂ ಬೇಡ. ಇಲ್ಲೇ ಇರು. ಇನ್ನೊಂದ್ಸಲ ನಿನಗೆ ಗಂಟೆ ಹೇಳೋ ಧೈರ್ಯ ನನಗಿಲ್ಲ."