ಹಳ್ಳದಾಚೆಯ ಯರಿಭೂತ

"ಏ ಸೋಮಿ, ಅಲುಗಬ್ಯಾಡ! ಎಷ್ಟ ಸಲ ಹೇಳಬೇಕ ನಿನಗ?"

"ನಾ ಎಲ್ಲಿ ಅಲುಗೀನಿ? ಕಂಬಳಿ ಚುಚ್ಚಾಕತ್ತದ."

ಸೋಮವ್ವ, ಇಂದುಬಾಯಿ ಇಬ್ಬರೂ ಒಂದೇ ಕಂಬಳಿಯನ್ನು ತಲೆ ತುಂಬ ಹೊದ್ದುಕೊಂಡು ಹಳ್ಳದ ದಂಡೆಯ ಮೇಲೆ ಕೂತಿದ್ದರು. ಸುತ್ತಲೂ ಸೋಮವ್ವನ ಅಜ್ಜ, ಗೊಲ್ಲಾಳಪ್ಪ ಮುತ್ಯಾನ ಕುರಿಗಳು ಮೇಯುತ್ತಿದ್ದವು. ಹಳ್ಳದ ಆಚೆಗೆ ಸಂಸ್ಥಾನದ ಕುರಣ, ಕಾಯ್ದಿಟ್ಟ ಹುಲ್ಲುಗಾವಲು. ಅಲ್ಲಿ ದನ ಬಿಡುವಂತಿಲ್ಲ, ಹುಲ್ಲು ಕೊಯ್ಯುವಂತಿಲ್ಲ, ಬೇಟೆಯಾಡುವಂತಿಲ್ಲ. ಅದಕ್ಕೇ ಹುಲ್ಲು ಮೊಣಕಾಲುಮಟ ಬೆಳೆದಿತ್ತು.

ಆ ಹುಲ್ಲಿನಲ್ಲಿ ಯರಿಭೂತ ಇರುತ್ತದೆ. ಹೆಸರು ಕೇಳಿ ಹೆದರಬೇಡಿ. ಅದು ಭೂತವಲ್ಲ, ಹಕ್ಕಿ. ಎದುರು ನಿಂತರೆ ನಿಮ್ಮ ಎದೆಮಟ ಬಂದೀತು, ಅಷ್ಟು ಎತ್ತರ! ಮನುಷ್ಯರು ನಡೆದು ಬರುವುದು ಕಂಡರೆ ದೂರದಿಂದಲೇ ಮಾಯ. ಕುರಿಗಳಿಗೆ ಮಾತ್ರ ಅದು ಹೆದರುವುದಿಲ್ಲ.

"ಕಂಬಳಿ ಹೊದ್ದು ಕುರಿ ನಡುವ ಕೂತ್ರ ನೀವೂ ಕುರಿ ಅಂತನ ತಿಳೀತದ. ಹಳ್ಳ ಮಾತ್ರ ದಾಟಬ್ಯಾಡ್ರಿ" ಎಂದು ಹೇಳಿ ಮುತ್ಯಾ, ತಪ್ಪಿಸಿಕೊಂಡ ಒಂದು ಮರಿಯ ಹಿಂದೆ ಹೋಗಿದ್ದ.

ಸುಮ್ಮನೆ ಕೂಡುವುದು! ಅದೂ ಸೋಮವ್ವ! ಅವಳ ಕಾಲಿಗೆ ಚಕ್ರ ಕಟ್ಟಿದೆ ಎಂದು ಊರಿಗೆಲ್ಲ ಗೊತ್ತು. ಆದರೆ ಈ ವಾರದ ಚಡಪಡಿಕೆಯೇ ಬೇರೆ.

ಸೋಮವಾರ ಶಾಂತಲಿಂಗಪ್ಪ ಮಾಸ್ತರರು ಕ್ಲಾಸಿನಲ್ಲಿ ಹಕ್ಕಿಗಳ ಪಾಠ ಮಾಡಿದ್ದರು. "ಯರಿಭೂತ ಯಾರರೆ ನೋಡೀರೇನು?" ಎಂದು ಕೇಳಿದಾಗ ಸೋಮವ್ವನ ಕೈ ತಾನೇ ಮೇಲೆದ್ದಿತು.

"ನಾ ನೋಡೀನ್ರಿ!"

"ಸುಳ್ಳ ರೀ ಮಾಸ್ತರ, ಬರೇ ಬಡಾಯಿ!" ಎಂದಳು ಪಕ್ಕದಲ್ಲೇ ಕೂತಿದ್ದ ಇಂದು. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಸಿಟ್ಟಿನ ಭರದಲ್ಲಿ ಸೋಮವ್ವನ ಬಾಯಿಂದ ಬಂದೇಬಿಟ್ಟಿತು.

"ಬೀರೋಬಾನ ಆಣಿ, ನೋಡೀನಿ!"

ನೋಡಿದ್ದವನು ಮುತ್ಯಾ. ಅವಳು ಅವನ ಬಾಯಿಂದ ಕೇಳಿದ್ದಳು, ಅಷ್ಟೇ.

ಮನೆದೇವರ ಮೇಲೆ ಸುಳ್ಳು ಆಣೆ! ಅಂದಿನಿಂದ ಊಟ ರುಚಿಸದು, ನಿದ್ದೆ ಹತ್ತದು. ಬೆಳಿಗ್ಗೆ ಅವ್ವ ಹಣೆಗೆ ದೇವರ ಭಂಡಾರ ಹಚ್ಚಿದರೆ ಆ ಅರಿಸಿನ ಉರಿದಂತಾಗುತ್ತಿತ್ತು. ಒಂದೇ ಒಂದು ಸಲ ಹಕ್ಕಿ ಕಂಡರೆ ಸಾಕು, ಆಣೆ ಖರೆಯಾಗುತ್ತದೆ. ಐದು ದಿನ ತಡವಾದರೂ ಬೀರೋಬಾ ಒಪ್ಪಿಕೊಂಡಾನು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. "ಹಂಗಾರ ನನಗೂ ತೋರಸು" ಎಂದು ಇಂದು ಬೆನ್ನು ಹತ್ತಿದ್ದಕ್ಕೆ, ಶನಿವಾರ ಸಾಲೆ ಬಿಟ್ಟ ಕೂಡಲೇ ಇಬ್ಬರೂ ಇಲ್ಲಿಗೆ ಬಂದಿದ್ದರು.

ಹಕ್ಕಿ ಬರಲಿಲ್ಲ. ಸೋಮವ್ವ ಎದ್ದಳು.

"ನೀರ ಕುಡದ ಬರ್ತೀನಿ."

"ಈಗರೆ ಕುಡದ ಬಂದೀದಿ!"

"ಮತ್ತ ನೀರಡಿಕಿ ಆತು."

ಹಳ್ಳಕ್ಕೆ ಇಳಿದವಳು ನೀರನ್ನು ಮರೆತಳು. ಚಪ್ಪಟೆ ಕಲ್ಲು ಆರಿಸಿ ಬೀಸಿ ಎಸೆದಳು. ಅದು ನೀರಿನ ಮೇಲೆ ಮೂರು ಸಲ ಕುಪ್ಪಳಿಸಿ ಮುಳುಗಿತು. ಒಂದು ಏಡಿಯನ್ನು ಬಿಲದ ತನಕ ಅಟ್ಟಿಕೊಂಡು ಹೋದಳು. ಲಂಗದ ಅಂಚೆಲ್ಲ ಒದ್ದೆ. ಆಮೇಲೆ ಮತ್ತೆ ಆಣೆ ನೆನಪಾಗಿ, ದಬದಬ ದಂಡೆ ಹತ್ತಿದಳು.

ಇಂದುವಿನ ಕಣ್ಣುಗಳು ಇಷ್ಟಗಲ ಆಗಿದ್ದವು.

"ಸೋಮಿ! ಬಂದಿತ್ತು! ಅಲ್ಲೇ, ಆಚಿ ದಂಡ್ಯಾಗ ನಿಂತಿತ್ತು! ನಿನ್ನ ಕಾಲಸಪ್ಪಳ ಕೇಳಿ ಈಗ ಹಾರಿ ಹೋತು!"

ಸೋಮವ್ವ ಆಚೆ ನೋಡಿದಳು. ಬರೀ ಹುಲ್ಲು.

"ತಪ್ಪಾತು ಲೇ. ನಿನಗ ಸುಳ್ಳಿ ಅಂದೆ" ಎಂದು ಇಂದು ಅವಳ ಕೈ ಹಿಡಿದಳು. "ಸೋಮವಾರ ಎಲ್ಲಾರ ಮುಂದ ಎದ್ದ ನಿಂತ ಹೇಳ್ತೀನಿ, ಸೋಮಿ ಖರೇನ ನೋಡ್ಯಾಳ ಅಂತ."

ಗೆದ್ದಂತಾಯಿತು. ಇನ್ನು ಯಾರೂ ನಗುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಆದರೂ ಸೋಮವ್ವನಿಗೆ ಸಂತೋಷವಾಗಲಿಲ್ಲ.

"ಹೆಂಗಿತ್ತು?" ಎಂದಳು ಮೆಲ್ಲಗೆ.

"ಏನು?"

"ಯರಿಭೂತ. ಹೆಂಗಿರತದ, ಹೇಳ."

ಇಂದು ಅವಳ ಮುಖವನ್ನೇ ನೋಡಿದಳು. "ನೀ ನೋಡೀಯಲ್ಲ?"

"ಇಲ್ಲ. ಮುತ್ಯಾ ನೋಡ್ಯಾನ. ನಾ ನೋಡಿಲ್ಲ."

"ಬೀರೋಬಾನ ಆಣಿ ಮಾಡಿದ್ದಿ!"

"ಹೂಂ."

ಇಂದು ಹಿಡಿದಿದ್ದ ಕೈ ಬಿಟ್ಟಳು. ಪಕ್ಕದ ಕುರಿಯೊಂದು ಸೀನಿತು. ಸೋಮವ್ವ ತನ್ನ ಕಾಲ್ಬೆರಳು ನೋಡುತ್ತ ನಿಂತೇ ಇದ್ದಳು.

"ಸೋಮವಾರ ನೀ ಏನೂ ಹೇಳಬ್ಯಾಡ" ಎಂದಳು ಸೋಮವ್ವ ಕೊನೆಗೆ. "ಮಾಸ್ತರಿಗೆ ನಾನ ಹೇಳ್ತೀನಿ."

"ಎಲ್ಲಾರೂ ನಗತಾರ."

"ನಕ್ಕರ ನಗಲಿ."

ಇಂದು ಸ್ವಲ್ಪ ಯೋಚಿಸಿದಳು. ಆಮೇಲೆ ಹಕ್ಕಿ ಹೇಗಿತ್ತೆಂದು ಒಂದೊಂದೇ ಮಾತು ಹೇಳತೊಡಗಿದಳು. "ತಲಿ ಮ್ಯಾಲ ಕರೀ ಟೊಪ್ಪಿಗಿ ಇಟ್ಕೊಂಡಂಗ ಇತ್ತು. ಕುತ್ತಿಗಿ ಬೆಳ್ಳಗ. ನಮ್ಮ ಕಾಕಾ ಹೊಲದಾಗ ನಡೀತಾರಲ್ಲ, ಹಂಗ ಸಾವಕಾಶ ನಡೀತಿತ್ತು." ಹೇಳುತ್ತ ಹೇಳುತ್ತ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಬಾ, ಕೂಡ. ಮತ್ತ ಬರತದೇನೋ ನೋಡೂಣು."

ಸೋಮವ್ವ ಕಂಬಳಿಯೊಳಗೆ ಸೇರಿಕೊಂಡಳು. ಇರುವೆಯೊಂದು ಪಾದದಿಂದ ಮೊಣಕಾಲಿಗೆ ಹತ್ತಿತು. ಹತ್ತಲಿ ಎಂದು ಬಿಟ್ಟಳು. ಆಚೆ ದಡದಲ್ಲಿ ಹುಲ್ಲು ಗಾಳಿಗೆ ಬಾಗಿ ಏಳುತ್ತಿತ್ತು. ಬಿಸಿಲು ಸರಿಯಿತು. ಕುರಿಗಳು ಅವರನ್ನು ಬಳಸಿಕೊಂಡು ಮುಂದಕ್ಕೆ ಹೋದವು.

"ಸೋಮಿ," ಇಂದು ಪಿಸುಗುಟ್ಟಿದಳು, "ನಿದ್ದಿ ಹತ್ತಿತೇನ?"

"ಇಲ್ಲ. ಕೂತೀನಿ."