ಮತ್ತೆ ಮತ್ತೆ ಸಡಿಲವಾದ ಕನೆಕ್ಟರ್

"ಒಂದು ತಿರುಪು ನೆಟ್ಟಗೆ ಬಿಗಿಯೋಕೆ ಬರಲ್ವಾ ನಿಮಗೆ?"

ಬಾಗಿಲು ತೆರೆದವಳೇ ಸಿಡುಕಿದಳು. ಹೊಸ್ತಿಲಲ್ಲಿ ನಿಂತಿದ್ದ ಫಿಟ್ಟರ್ ತಬ್ಬಿಬ್ಬಾದ. ಇಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು!

ಪಾರ್ಶ್ವವಾಯು ಬಡಿದು ಅಪ್ಪನ ಎಡಗೈ, ಎಡಗಾಲು ಸೋತು ಮೂರು ತಿಂಗಳಾಗಿತ್ತು. ಹಿಡಿದುಕೊಂಡು ನಡೆಯಲೆಂದು ಮಂಚದಿಂದ ಬಚ್ಚಲಮನೆಯವರೆಗೆ ಸ್ಟೀಲ್ ಪೈಪುಗಳ ಕಟಾಂಜನ ಹಾಕಿಸಿದ್ದಳು. ಅದಕ್ಕೆ ವೆಲ್ಡಿಂಗ್ ಇಲ್ಲ. ಪೈಪಿಗೆ ಪೈಪು ಸೇರುವ ಕಡೆಯಲ್ಲೆಲ್ಲ ಮುಷ್ಟಿ ಗಾತ್ರದ ಕನೆಕ್ಟರ್, ಅದರಲ್ಲಿ ಎರಡು ಸಣ್ಣ ತಿರುಪು. ಬೇಕಾದಾಗ ಬಿಚ್ಚಿ ಎತ್ತರಿಸಬಹುದು, ಮುಂದಕ್ಕೂ ಬೆಳೆಸಬಹುದು.

ಅವಳು ಕೆಲಸಕ್ಕೆ ಹೋಗಿದ್ದಾಗ ಫಿಟ್ಟರ್ ಬಂದು ಹಾಕಿಹೋಗಿದ್ದ. ನಾಲ್ಕೇ ದಿನಕ್ಕೆ ಕಿಟಕಿ ಪಕ್ಕದ ಕನೆಕ್ಟರ್ ಅಲ್ಲಾಡುತ್ತಿತ್ತು!

ಫಿಟ್ಟರ್ ಮಂಡಿಯೂರಿ ತಿರುಪಿನ ಮೇಲೆ ಬೆರಳಾಡಿಸಿದ. ತಲೆಯೆತ್ತಿ ಅಪ್ಪನನ್ನು ನೋಡಿದ. ಅಪ್ಪ ಫ್ಯಾನಿನ ರೆಕ್ಕೆ ಎಣಿಸುತ್ತಿರುವವರಂತೆ ಮೇಲೆ ನೋಡುತ್ತಿದ್ದರು.

"ತಪ್ಪು ನಂದೇ ಮೇಡಂ. ಬಿಗಿ ಮಾಡ್ತೀನಿ."

ಆದರೆ ವಾರದೊಳಗೆ ಅದೇ ಕಥೆ... ಮುಂದಿನ ವಾರವೂ ಅದೇ!

ಬಂದಾಗಲೆಲ್ಲ ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಸುತ್ತಿದ್ದ. ಅಡುಗೆಮನೆಗೆ ಅಪ್ಪನ ನಗು ಕೇಳುತ್ತಿತ್ತು. ತನ್ನ ಹತ್ತಿರ ಬರೀ 'ಹೂಂ', 'ಉಹೂಂ' ಅನ್ನುವ ಅಪ್ಪ!

'ಕೆಲಸಕ್ಕೆ ಬರ್ತಾನೋ, ಹರಟೆ ಹೊಡೆಯೋಕೆ ಬರ್ತಾನೋ!'

ಅದಕ್ಕಿಂತ ಸಿಟ್ಟು ಬರುತ್ತಿದ್ದದ್ದು ತನ್ನ ಮೇಲೇ. ಅವನು ಬರುವ ದಿನ ಕನ್ನಡಿಯ ಮುಂದೆ ಎರಡೆರಡು ಸಲ ತಲೆ ಬಾಚಿಕೊಳ್ಳುವುದು ಯಾಕೆ?

ಒಂದು ಬೆಳಗ್ಗೆ ಅಪ್ಪ ಹಿಡಿದ ಪೈಪು ಗಿರ್ರನೆ ತಿರುಗಿತು. ಗೋಡೆಗೆ ಜಾರಿ ಕುಸಿದರು. ತರಚಿದ ಮೊಣಕೈಯಲ್ಲಿ ರಕ್ತ! ಹೇಗೋ ಎತ್ತಿ ಮಂಚದ ಮೇಲೆ ಕೂರಿಸಿದಳು. ಆ ಹೆದರಿಕೆಯಲ್ಲೇ ವರ್ಕ್‌ಶಾಪ್ ಯಜಮಾನರಿಗೆ ಫೋನ್ ಮಾಡಿದಳು.

"ಆ ಮನುಷ್ಯನನ್ನ ಇನ್ನು ಯಾರ ಮನೆಗೂ ಕಳಿಸಬೇಡಿ!"

ಬೇರೊಬ್ಬ ಬಂದ. ಐದು ನಿಮಿಷದಲ್ಲಿ ಬಿಗಿದು ಹೊರಟುಹೋದ. ಅಪ್ಪ ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದರು.

ಅವಳು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಮೂರನೇ ದಿನ ಕರಡಿನ ಕಟ್ಟು ಮರೆತು ಹನ್ನೊಂದಕ್ಕೇ ಮನೆಗೆ ವಾಪಸ್ಸಾದಳು.

ಮಂಚದ ತುದಿಯಲ್ಲಿ ಕೂತ ಅಪ್ಪ, ಬಲಗೈಯಲ್ಲಿ ತಿರುಪು ತಿರುಗಿಸುವ ಸಣ್ಣ ಕೀ ಹಿಡಿದು ಕನೆಕ್ಟರ್ ಸಡಿಲಿಸುತ್ತಿದ್ದರು!

"ಅಪ್ಪಾ!!"

ಕೀ ಠಣ್ಣನೆ ನೆಲಕ್ಕೆ ಬಿತ್ತು.

"ಪೈಪು ಹಾಕಿದ ದಿನ ಫಿಟ್ಟರ್ ಮರೆತುಹೋದ ಕೀ ಇದು. ಸಡಿಲವಾದ್ರೆ... ಅವನು ಬರ್ತಾನಲ್ಲ ಅಂತ."

"ಇದೆಲ್ಲಾ ನಿಮ್ಮ ಕೆಲಸಾನಾ? ಬಿದ್ದು ಸೊಂಟ ಮುರಿದಿದ್ರೆ?"

"ನೀನು ಬಂದ್ರೆ ಮಾತ್ರೆ ಆಯ್ತಾ, ಕೈ ಎತ್ತಿದ್ರಾ, ಅಷ್ಟೇ. ಅವನು 'ಇದನ್ನ ಎಲ್ಲಿ ಕೂರಿಸೋಣ ಯಜಮಾನ್ರೇ' ಅಂತ ನನ್ನ ಕೇಳ್ತಾನೆ ಕಣೆ. ನನ್ನ!"

ಅವಳು ಕೀ ಎತ್ತಿಕೊಂಡು ಅಪ್ಪನ ಪಕ್ಕ ಕೂತಳು.

"ಅವನಿಗೆ ಗೊತ್ತಾ?"

"ಮೊದಲ ದಿನವೇ. ಮಗಳಿಗೆ ಹೇಳಬೇಡಪ್ಪಾ ಅಂತ ಬೇಡಿಕೊಂಡೆ. ಕಿಟಕಿ ಹತ್ರದ್ದು ಬಿಟ್ಟು ಬೇರೆ ಮುಟ್ಟಲ್ಲ, ಅದನ್ನ ಹಿಡ್ಕೊಂಡು ಏಳಲ್ಲ ಅಂತ ಆಣೆ ಮಾಡಿಸ್ಕೊಂಡ. ಅವತ್ತು ಮರೆತು ಅದನ್ನೇ ಹಿಡ್ಕೊಂಡೆ." ಅಪ್ಪ ಕಣ್ಣೊರೆಸಿಕೊಂಡರು. "ಫೋನ್ ಕೊಡು ಇಲ್ಲಿ. ವರ್ಕ್‌ಶಾಪ್ ಯಜಮಾನನಿಗೆ ನಾನೇ ಹೇಳ್ತೀನಿ."

ಅರ್ಧ ಗಂಟೆಯಲ್ಲಿ ಅವಳು ವರ್ಕ್‌ಶಾಪಿನಲ್ಲಿದ್ದಳು. ಫಿಟ್ಟರ್ ಮೂಲೆಯಲ್ಲಿ ಕೂತು ಕನೆಕ್ಟರ್‌ಗಳನ್ನು ಅಳತೆವಾರು ಡಬ್ಬಿಗಳಿಗೆ ತುಂಬುತ್ತಿದ್ದ. ಹೊರಗಿನ ಕೆಲಸ ತಪ್ಪಿದವನಿಗೆ ಸಿಕ್ಕಿದ್ದ ಕೆಲಸ ಅದು!

"ಅಪ್ಪನೇ ಎಲ್ಲಾ ಒಪ್ಕೊಂಡ್ರು."

ಅವನ ಕೈ ನಿಂತಿತು. "ಅವರ ಮೊಣಕೈ ಹೇಗಿದೆ?"

"ಅದಿರಲಿ! ನನಗೊಂದು ಮಾತು ಹೇಳಬಾರದಿತ್ತಾ? ಪ್ರತಿ ಸಲ ಸುಮ್ಮನೆ ಬೈಸ್ಕೊಂಡ್ರಿ!"

"ಹೇಳಬೇಕಿತ್ತು. ಅವರು ಬಿದ್ದಿದ್ದು ನನ್ನ ತಪ್ಪೇ, ಅದಕ್ಕೆ ನಿಮ್ಮ ಮೇಲೆ ಬೇಜಾರಿಲ್ಲ." ತಲೆ ತಗ್ಗಿಸಿದ. "ಮೊದಲನೇ ಸಲ ನಿಮ್ಮಪ್ಪನಿಗೋಸ್ಕರ ಸುಮ್ಮನಿದ್ದೆ."

"ಆಮೇಲೆ?"

"ಆಮೇಲೆ... ಎಲ್ಲಾ ಗಟ್ಟಿಯಾಗಿದ್ರೆ ನಿಮ್ಮನ್ನ ನೋಡೋಕೆ ಏನು ನೆಪ ಹೇಳಿ ಬರಲಿ?"

ಅವಳ ಕೆನ್ನೆ ಬಿಸಿಯಾಯಿತು. ಅಳು, ಸಿಟ್ಟು, ನಗು... ಯಾವುದು ಮೊದಲು ಬರುತ್ತದೋ ಅವಳಿಗೇ ತಿಳಿಯಲಿಲ್ಲ.

"ಇಬ್ಬರೂ ಸೇರಿ ನನ್ನ ಪೆದ್ದಿ ಮಾಡಿದ್ರಿ!"

"ತುಂಬಾ ಕೋಪಾನಾ?"

"ತುಂಬಾ!" ಎಂದು ತಿರುಗಿ ಬಾಗಿಲವರೆಗೆ ಹೋದವಳು ನಿಂತಳು. "ನಾಳೆ ಸಂಜೆ ಐದಕ್ಕೆ ಮನೆಗೆ ಬನ್ನಿ."

"ಮತ್ತೆ ಏನು ಸಡಿಲವಾಯ್ತು?"

"ಏನೂ ಇಲ್ಲ. ಬರಿಗೈಲಿ ಬನ್ನಿ. ಅಪ್ಪನ ಹತ್ರ ಒಂದು ಗಂಟೆ ಕೂತ್ಕೊಳ್ಳಿ."

"ಆಮೇಲೆ?"

"ಆಮೇಲೆ..." ದನಿ ತಗ್ಗಿತು. "ನನ್ನ ಹತ್ರ."