ಬಣ್ಣ ಕಾಣದ ಗುಮ್ಮ

ಬಹಳ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬಣ್ಣಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ವರ್ಷಕ್ಕೊಂದು ದಿನ ಮಕ್ಕಳದ್ದೇ ಕಾರುಬಾರು. ಅದು ಬೆಚ್ಚುಹಬ್ಬದ ದಿನ. ಅವತ್ತು ಪ್ರತಿ ಮಗುವೂ ತನಗೆ ಯಾವುದರ ಭಯವೋ ಅದರ ಚಿತ್ರವನ್ನು ಕಾಗದದ ಮೇಲೆ ಬರೆಯಬೇಕು. ಕೋರೆಹಲ್ಲಿನ ಗುಮ್ಮ, ತಲೆಕೆಳಗಾದ ದೆವ್ವ, ಮೂರು ಮೂಗಿನ ರಕ್ಕಸ, ಯಾವುದಾದರೂ ಸರಿ. ಆಮೇಲೆ ಬಣ್ಣ ತುಂಬಿ, ಕತ್ತರಿಸಿ, ಮಡಿಚಿ, ಅಂಟು ಹಚ್ಚಿ, ಮನೆಯ ಬಾಗಿಲಿಗೆ ತೂಗುಹಾಕಬೇಕು. ಊರಿಗೆ ಊರೇ ದೆವ್ವಗಳ ಸಂತೆಯಾಗುತ್ತಿತ್ತು. ದಾರಿಹೋಕರು ಕಿರುಚುವರು, ಮಕ್ಕಳು ಕೇಕೆ ಹಾಕುವರು. ಆಹಾ, ಆ ಗದ್ದಲವನ್ನು ಕೇಳಬೇಕಿತ್ತು ನೀವು!

ಈ ಹಬ್ಬಕ್ಕೆ ಒಂದೇ ಒಂದು ಕಟ್ಟಳೆ. ಬರೆದ ಗುಮ್ಮನಿಗೆ ಬರೆದವರೇ, ಹೊತ್ತು ಮುಳುಗುವುದರೊಳಗೆ, ಪೂರ್ತಿ ಬಣ್ಣ ತುಂಬಬೇಕು. ಅರ್ಧಕ್ಕೆ ಬಿಡಬಾರದು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಹಿರಿಯರು ಹೇಳಿದ್ದಾರೆ, ಮಾಡಬೇಕು, ಅಷ್ಟೇ.

ಹೀಗಿರುವಾಗ ಜಗಜಟ್ಟಿರಾಯ ಎಂಬವನು ಪಟ್ಟಕ್ಕೆ ಬಂದ. ಅವನ ಮೀಸೆ ಮಾರುದ್ದ, ಗದೆ ಮಣಭಾರ. ಬಂದವನೇ ಡಂಗುರ ಸಾರಿಸಿದ. "ಮಕ್ಕಳು ಹೆದರಿ ಹಾಳಾಗುತ್ತಿದ್ದಾರೆ. ಇನ್ನು ಮುಂದೆ ಬೆಚ್ಚುಹಬ್ಬವಿಲ್ಲ! ಗುಮ್ಮನನ್ನು ಬರೆದವರಿಗೆ ಸೆರೆವಾಸ!" ಸಿಪಾಯಿಗಳು ಮನೆಮನೆಗೆ ನುಗ್ಗಿ ಬಣ್ಣಗಳನ್ನೆಲ್ಲ ಬಾಚಿಕೊಂಡು ಹೋಗಿ ಪಾಳುಬಾವಿಗೆ ಸುರಿದರು. ರಾಜನಿಗೆ ಮಕ್ಕಳ ಮೇಲೆ ಎಷ್ಟು ಮಮತೆ ಎಂದು ದೊಡ್ಡವರು ಮೆಚ್ಚಿಕೊಂಡರು. ಮಕ್ಕಳನ್ನು ಮಾತ್ರ ಯಾರೂ ಕೇಳಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ಗೆರೆಮಾಂತ್ರಿಕ ಬಂದ. ಅವನ ಮೈಯೆಲ್ಲ ಬರೀ ಗೆರೆ. ಅವನು ಎದುರಿಗೆ ನಿಂತರೆ ಹಿಂದಿನ ಮರ ಕಾಣುತ್ತಿತ್ತು. ಚೆಂಡುಹೂವಿನ ತೋಟ ನೆಕ್ಕಿದ, ಹೂವು ಬೆಳ್ಳಗಾಯಿತು. ಗಿಳಿಗಳನ್ನು ನೆಕ್ಕಿದ, ಗಿಳಿಗಳು ಬೆಳ್ಳಗಾದವು. ಕೊನೆಗೆ ಮಕ್ಕಳಿಗೇ ಕೈ ಹಾಕಿದ. ಅವನು ನೆಕ್ಕಿದ ಮಗು ಬಿಳಿಯಾಗಿ, ತೆಳ್ಳಗಾಗಿ, ಹಾಳೆಯೇ ಆಗಿಬಿಡುತ್ತಿತ್ತು. ಗಾಳಿಗೆ ಹಾರಿಹೋಗದಿರಲೆಂದು ತಾಯಂದಿರು ಮೂಲೆಗೊಂದು ಕಲ್ಲು ಹೇರಿ, ಪಕ್ಕದಲ್ಲೇ ಕೂತು ಅಳುತ್ತಿದ್ದರು.

ಆ ಊರಿನಲ್ಲಿ ಕಾಗದ ಮಾಡುವವರ ಮನೆಯ ಹುಡುಗಿ ದ್ಯಾಮಿ. ಹನ್ನೆರಡು ವರ್ಷ, ಕೈಯಲ್ಲಿ ಸದಾ ಕತ್ತರಿ. ಅವಳ ತಮ್ಮ ಸಣ್ಣೀರನಿಗೆ ಆರು ವರ್ಷ. ಅಪ್ಪ ಅಮ್ಮ ಇರಲಿಲ್ಲ, ಅಜ್ಜಿ ಹಂಪವ್ವನೇ ಇಬ್ಬರನ್ನೂ ಸಾಕಿದ್ದಳು. ನಿಂತುಹೋದ ಬೆಚ್ಚುಹಬ್ಬದ ಹಿಂದಿನ ದಿನ ಮಧ್ಯಾಹ್ನ ಸಣ್ಣೀರ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗುಮ್ಮನನ್ನು ಬರೆದು ಓಡಿ ಬಂದ.

"ಅಕ್ಕಾ, ಬಣ್ಣ ಕೊಡೇ!"

"ಥೂ, ಅಳಿಸೋ! ಸಿಪಾಯಿಗಳು ನೋಡಿದ್ರೆ ಗತಿಯೇನು?"

"ಸ್ವಲ್ಪ ಕೊಡೇ ಅಕ್ಕಾ. ಭಯ ಆಗ್ತಿದೆ."

"ಬಣ್ಣನೂ ಇಲ್ಲ, ಗಿಣ್ಣನೂ ಇಲ್ಲ. ಹೋಗ್ ಅತ್ಲಾಗೆ!" ಎಂದು ಗದರಿ ದ್ಯಾಮಿ ಗೋಡೆಗೆ ಸುಣ್ಣ ಬಳಿದುಬಿಟ್ಟಳು. ಸಣ್ಣೀರ ಮುಖ ಸಣ್ಣದು ಮಾಡಿಕೊಂಡು ಜಗುಲಿಗೆ ಹೋಗಿ ಕೂತ. ಗೆರೆಮಾಂತ್ರಿಕ ಬಂದ, ನೆಕ್ಕಿದ, ಹೋದ. ದ್ಯಾಮಿ ಹೊರಗೆ ಬಂದು ನೋಡಿದರೆ ಜಗುಲಿಯ ಮೇಲೆ ತಮ್ಮನಷ್ಟೇ ಎತ್ತರದ ಬಿಳಿ ಹಾಳೆ ಪಟಪಟ ಹೊಡೆದುಕೊಳ್ಳುತ್ತಿತ್ತು. ದ್ಯಾಮಿಗೆ ಎದೆ ಒಡೆದುಹೋಯಿತು. ಕೇಳಿದ್ದು ಚಿಟಿಕೆ ಬಣ್ಣ, ತಾನು ಕೊಡಲಿಲ್ಲವಲ್ಲ ಎಂದು ಗೋಳೋ ಎಂದು ಅತ್ತಳು.

ಬೆಳಗಾಗುತ್ತಲೇ ಹಂಪವ್ವ ಎಲೆಅಡಿಕೆ ಚೀಲದ ತಳದಿಂದ ಮೂರು ಪೊಟ್ಟಣ ತೆಗೆದಳು. ದೀಪದ ಮಸಿ, ಅರಿಸಿನ, ಕುಂಕುಮ. "ಸಿಪಾಯಿಗಳ ಕಣ್ಣು ತಪ್ಪಿಸಿ ಇಟ್ಟಿದ್ದೆ ಕಣೇ. ಆ ಮಾಂತ್ರಿಕ ರಾಜರು ಮೊದಲಿದ್ದ ಗುಡ್ಡದ ಮೇಲಿನ ಹಳೇ ಅರಮನೇಲಿ ಇದಾನಂತೆ. ಬೆಚ್ಚುಹಬ್ಬದ ದಿನ ಹೊತ್ತು ಮುಳುಗಿದ್ರೆ ಗುಮ್ಮಂದೇ ಗೆಲುವು ಅಂತ ನಮ್ಮಜ್ಜಿ ಹೇಳ್ತಿದ್ಲು. ಇವತ್ತೇ ಆ ದಿನ. ಹೊತ್ತು ಮುಳುಗಿದ್ಮೇಲೆ ಬಿಳಿಯಾದವರು ಬಿಳಿಯಾಗೇ ಉಳೀತಾರೆ. ಓಡು!"

ದ್ಯಾಮಿ ತಮ್ಮನನ್ನು ಮೆತ್ತಗೆ ಸುರುಳಿ ಸುತ್ತಿ ಬಿದಿರಿನ ಕೊಳವೆಯಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡಳು. ಕಾಗದದ ಕಟ್ಟು, ಅಜ್ಜಿಯ ಕತ್ತರಿ, ಹುಣಸೆಬೀಜದ ಅಂಟು, ಮೂರು ಪೊಟ್ಟಣ. ಹೊರಟಳು. "ಸಣ್ಣೀರಾ, ಕೇಳಿಸ್ತಿದೆಯಾ?" ಎಂದರೆ ಕೊಳವೆಯೊಳಗಿಂದ ಹಾಳೆ ಸರಸರ ಎಂದಿತು. ಸದ್ಯ, ಜೀವ ಇತ್ತು!

ಹಳೆ ಅರಮನೆಗೆ ಮೂರು ಬಾಗಿಲು. ಮೊದಲ ಬಾಗಿಲಿಗೆ ಆನೆಕಿವಿಯ ಬಾವಲಿಯೊಂದು ತಲೆಕೆಳಗಾಗಿ ಜೋತುಬಿದ್ದಿತ್ತು.

"ಎಲ್ಲರೂ ನನ್ನನ್ನು ನೋಡಿ ಹೆದರುತ್ತಾರೆ. ನನ್ನನ್ನು ಹೆದರಿಸುವವರೇ ಇಲ್ಲ, ಬೇಜಾರು ಹಿಡಿದಿದೆ. ಹೆದರಿಸಿದರೆ ಬಾಗಿಲು, ಇಲ್ಲದಿದ್ದರೆ ನೀನೇ ಫಲಾಹಾರ," ಎಂದಿತು ಬಾವಲಿ.

ದ್ಯಾಮಿ ಒಂದು ಉದ್ದ ಕಾಗದವನ್ನು ಮಡಿಚಿದಳು, ಮತ್ತೆ ಮಡಿಚಿದಳು, ಮತ್ತೂ ಮಡಿಚಿದಳು. ಕಚಕಚ ಕತ್ತರಿಸಿದಳು. ಮಸಿ ಅದ್ದಿ ಒಂದು ದೆವ್ವದ ಕಣ್ಣು ಬಾಯಿ ಬರೆದಳು. ಮಸಿ ಮಡಿಕೆಯಿಂದ ಮಡಿಕೆಗೆ ಇಳಿಯಿತು. "ಒಂದು ದೆವ್ವಕ್ಕೆಲ್ಲ ನಾನು ಹೆದರಲ್ಲ," ಎಂದು ಬಾವಲಿ ಆಕಳಿಸಿತು. ದ್ಯಾಮಿ ಎರಡೂ ತುದಿ ಹಿಡಿದು ಸರ್‍ರನೆ ಎಳೆದಳು. ಕೈಕೈ ಹಿಡಿದ ಎಂಟು ದೆವ್ವಗಳು ಒಟ್ಟಿಗೆ ಬಾಯಿ ತೆರೆದು ನಿಂತವು! ಬಾವಲಿ "ಅಯ್ಯಪ್ಪಾ!" ಎಂದು ಕಾಲು ಸಡಿಲಿಸಿ ದೊಪ್ಪನೆ ಬಿತ್ತು. ಬಾಗಿಲು ತೆರೆಯಿತು. ಮಸಿ ಮುಗಿಯಿತು.

ಎರಡನೆಯ ಬಾಗಿಲಿಗೆ ಹೆಬ್ಬಾವೊಂದು ಸುತ್ತಿಕೊಂಡಿತ್ತು. "ಈ ಲೋಕದಲ್ಲಿ ನನ್ನಷ್ಟು ಉದ್ದ ಯಾರೂ ಇಲ್ಲ. ಇದ್ದರೆ ತೋರಿಸು, ಇಲ್ಲದಿದ್ದರೆ ನುಂಗುವೆ," ಎಂದಿತು.

ದ್ಯಾಮಿ ತಟ್ಟೆಯಗಲದ ಒಂದು ಹಾಳೆ ತೆಗೆದಳು. ಅರಿಸಿನ ಕಲಸಿ ಹಳದಿ ಚುಕ್ಕೆ ಇಟ್ಟಳು. ಹೆಬ್ಬಾವು ನಕ್ಕಿತು. "ಇದೇನು, ಹಪ್ಪಳವೋ?" ದ್ಯಾಮಿ ಕತ್ತರಿ ತೆಗೆದಳು. ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ, ದಾರದಷ್ಟು ಸಣ್ಣಗೆ ಕತ್ತರಿಸುತ್ತ ಹೋದಳು. ನಡುವನ್ನು ಹಿಡಿದು ಮೇಲೆತ್ತಿದಳು. ಹಳದಿ ಹಾವು ಸುಳಿಸುಳಿಯಾಗಿ ಇಳಿಯಿತು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಲೇ ಹೋಯಿತು. ಅಳತೆ ನೋಡಿಯೇಬಿಡೋಣವೆಂದು ಹೆಬ್ಬಾವು ಬಾಗಿಲು ಬಿಟ್ಟು ತಾನೂ ಉದ್ದಕ್ಕೆ ಮಲಗಿತು. ಮೂರು ಮೊಳ ಕಡಿಮೆ ಬಿತ್ತು! ಅದು ನಾಚಿಕೊಂಡು ಅಳೆಯುತ್ತಿರುವಾಗಲೇ ದ್ಯಾಮಿ ಒಳಗೆ ಜಿಗಿದಳು. ಅರಿಸಿನ ಮುಗಿಯಿತು.

ಮೂರನೆಯ ಬಾಗಿಲಿನಲ್ಲಿ ಹುಲಿ. ಮನುಷ್ಯರ ಮುಖ ಕಂಡರೆ ಮೈಮೇಲೆ ಹಾರುವ ಹುಲಿ. ದ್ಯಾಮಿ ಕಂಬದ ಮರೆಯಲ್ಲೇ ಕೂತು ಒಂದು ಮುಖವಾಡ ಮಾಡಿದಳು. ಕೋರೆಹಲ್ಲು ಕತ್ತರಿಸಿ ಅಂಟಿಸಿದಳು, ಕುಂಕುಮದಲ್ಲಿ ಗಲ್ಲದವರೆಗೆ ನಾಲಗೆ ಇಳಿಬಿಟ್ಟಳು. ಮುಖಕ್ಕೆ ಕಟ್ಟಿಕೊಂಡು ನೇರ ಹುಲಿಯ ಮುಂದೆ ನಡೆದಳು.

ಹುಲಿ ಮೂಸಿತು. "ವಾಸನೆ ಹುಡುಗಿಯದು, ಮುಖ ರಾಕ್ಷಸಿಯದು. ಬೆನ್ನಿನ ಮೇಲೇನು?"

"ನನ್ನ ತಮ್ಮ. ಕಾಗದ ಆಗಿದಾನೆ," ಎಂದಳು ದ್ಯಾಮಿ. ಸುಳ್ಳು ಹೇಳಲು ತೋಚಲೇ ಇಲ್ಲ. ಕೊಳವೆ ಸರಸರ ಎಂದು ನಡುಗಿತು.

ಹುಲಿ ಮುಖವಾಡದ ಸುತ್ತ ಮೂತಿ ಆಡಿಸಿ ನೋಡಿತು. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಒಂದು ಮಾಡಿಕೊಡ್ತೀಯಾ?" ಎಂದಿತು. ದ್ಯಾಮಿ ತನ್ನದನ್ನೇ ಬಿಚ್ಚಿ ಹುಲಿಗೆ ಕಟ್ಟಿದಳು. ಹುಲಿ ತೊಟ್ಟಿಯ ನೀರಿನಲ್ಲಿ ಇಣುಕಿ ನೋಡಿ, ತಾನೇ ಬೆಚ್ಚಿ, ಖುಷಿಯಿಂದ ಮೂರು ಲಾಗ ಹಾಕಿತು. ಹಾಕಿದ ರಭಸಕ್ಕೆ ತೊಟ್ಟಿ ಮಗುಚಿ ನೀರೆಲ್ಲ ಚೆಲ್ಲಿಹೋಯಿತು. ಬಾಗಿಲು ತೆರೆಯಿತು. ಕುಂಕುಮವೂ ಮುಗಿಯಿತು.

ಒಳಗೆ ಗೆರೆಮಾಂತ್ರಿಕ ಕೂತಿದ್ದ. "ಬಣ್ಣ ತಂದಿದ್ದೀಯಾ?" ಎಂದು ಎದ್ದು ಬಂದ. ದ್ಯಾಮಿ ಹಿಂದೆ ಸರಿದಳು. ಅವನ ನಾಲಗೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅಷ್ಟರಲ್ಲಿ ಅವಳ ಕಣ್ಣು ಅವನ ಎಡಗಾಲಿನ ಮೇಲೆ ಬಿತ್ತು. ಹೆಬ್ಬೆರಳಿನ ಉಗುರಿಗೆ ಮಾತ್ರ ಹಸಿರು ಬಣ್ಣ! ಹಿಮ್ಮಡಿಯ ಪಕ್ಕದಲ್ಲಿ ಸೊಟ್ಟಸೊಟ್ಟ ಅಕ್ಷರ: ಜಗ್ಗು.

"ನಿಲ್ಲು! ನೀನು ಮಾಂತ್ರಿಕ ಅಲ್ಲ. ಯಾರೋ ಬರೆದು ಅರ್ಧಕ್ಕೆ ಬಿಟ್ಟ ಗುಮ್ಮ ನೀನು!"

ಅವನು ಗಕ್ಕನೆ ನಿಂತ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಬಿಕ್ಕಳಿಸತೊಡಗಿದ. "ಜಗ್ಗು ಇಲ್ಲೇ ಕೂತು ಬರೆದ. ಒಂದು ಉಗುರಿಗೆ ಬಣ್ಣ ಹಚ್ಚಿದ. ಆಮೇಲೆ ನನ್ನ ಮುಖ ನೋಡಿ, ಕಿಟಾರನೆ ಕಿರುಚಿ, ಕುಂಚ ಎಸೆದು ಓಡಿಹೋದ. ಮೂವತ್ತು ವರ್ಷ ಆಯಿತು. ಹಬ್ಬ ಇದ್ದಾಗ ಮಕ್ಕಳು ಕುಂಚ ತೊಳೆದ ನೀರು ಬೀದಿಯಲ್ಲಿ ಹರಿಯುತ್ತಿತ್ತು, ಅದನ್ನು ಕುಡಿದು ವರ್ಷ ತಳ್ಳುತ್ತಿದ್ದೆ. ಹಬ್ಬ ನಿಂತಿತು. ನಾನೇನು ತಿನ್ನಲಿ? ಎಷ್ಟು ನೆಕ್ಕಿದರೂ ಮೈಗೆ ಹತ್ತುವುದಿಲ್ಲ."

ದ್ಯಾಮಿಗೆ ಸಿಟ್ಟು ಬಂತು, ಅಯ್ಯೋ ಅನ್ನಿಸಿತು, ಎರಡೂ ಒಟ್ಟಿಗೆ. ಬಣ್ಣ ಕೇಳಿದವನನ್ನು ಅತ್ತ ಹೋಗೆಂದು ಗದರಿದವಳು ಅವಳೂ ಅಲ್ಲವೇ? "ಇಲ್ಲೇ ಇರು. ಜಗ್ಗು ಯಾರು ಅಂತ ನಂಗೆ ಗೊತ್ತಾಯ್ತು," ಎಂದು ಹೊರಗೆ ಓಡಿದಳು. ಸೂರ್ಯ ಆಗಲೇ ಇಳಿಯುತ್ತಿದ್ದ. ಹುಲಿ ಬೆನ್ನು ಬಗ್ಗಿಸಿತು. "ಹತ್ತು!"

ಮುಖವಾಡ ಕಟ್ಟಿದ ಹುಲಿಯ ಮೇಲೆ ಕೂತು ದ್ಯಾಮಿ ಊರ ನಡುವೆ ಹಾರಿ ಬಂದಾಗ ಸಿಪಾಯಿಗಳು ಈಟಿ ಬಿಸಾಕಿ ಮರ ಹತ್ತಿದರು. ಹುಲಿ ನೇರ ಆಸ್ಥಾನಕ್ಕೆ ನುಗ್ಗಿತು. ಜಗಜಟ್ಟಿರಾಯ ಸಿಂಹಾಸನದ ಹಿಂದೆ ಅವಿತುಕೊಂಡ.

"ಪ್ರಭು, ನೀವು ಬರೆದ ಗುಮ್ಮ ಇನ್ನೂ ಕಾಯ್ತಾ ಇದೆ. ಹಸಿರು ಉಗುರಿನದು," ಎಂದಳು ದ್ಯಾಮಿ.

"ನಾ... ನಾನಾ? ನಾನ್ಯಾವ ಗುಮ್ಮನನ್ನೂ ಬರೆದಿಲ್ಲ!"

"ಜಗ್ಗು ಅಂದ್ರೆ ಯಾರು ಪ್ರಭು?"

ಮೀಸೆ ಎರಡೂ ಕಡೆ ಜೋತುಬಿತ್ತು. ರಾಜ ನಿಧಾನವಾಗಿ ಹೊರಗೆ ಬಂದ. "ರಾಜಕುಮಾರ ಹೆದರಬಾರದು ಅಂತ ಎಲ್ಲರೂ ಹೇಳೋರು. ನಾನು ಬರೆದದ್ದಕ್ಕೆ ನಾನೇ ಹೆದರಿದೆ ಅಂತ ಯಾರಿಗೆ ಹೇಳಲಿ? ಕಾಗದದ ಗುಮ್ಮ ಕಂಡರೆ ಈಗಲೂ ಎದೆ ಡವಗುಟ್ಟುತ್ತೆ. ಅದಕ್ಕೇ ಹಬ್ಬ ನಿಲ್ಲಿಸಿದೆ."

"ಹೆದರ್ತೀವಿ ಅಂತಾನೇ ಅಲ್ವಾ ಬರೆಯೋದು? ಹೆದರ್ಕೊಂಡೇ ಬನ್ನಿ. ನಂಗೂ ಭಯ ಇದೆ," ಎಂದು ದ್ಯಾಮಿ ಕೈ ಚಾಚಿದಳು. ರಾಜ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹುಲಿ ಇಬ್ಬರನ್ನೂ ಹೊತ್ತು ಮತ್ತೆ ಗುಡ್ಡ ಹತ್ತಿತು.

ಹಳೆ ಅರಮನೆಯ ಮಂಚದ ಕೆಳಗೆ ಅವನ ಬಣ್ಣದ ಪೆಟ್ಟಿಗೆ ಗುಮ್ಮನ ಕಣ್ಣಿಗೂ ಬೀಳದೆ ಹಾಗೇ ಇತ್ತು. ಬಣ್ಣವೆಲ್ಲ ಒಣಗಿ ಬಿಲ್ಲೆಯಾಗಿತ್ತು, ಕಲಸಲು ಹನಿ ನೀರಿಲ್ಲ! ಹೊತ್ತು ಎದುರು ಗುಡ್ಡದ ನೆತ್ತಿಗೆ ತಾಗಿತ್ತು. ಆದರೆ ಗುಮ್ಮನ ಎದುರು ನಿಂತ ರಾಜನ ಹಣೆಯಿಂದ ಬೆವರು ಧಾರಾಕಾರ ಸುರಿಯುತ್ತಿತ್ತು. ದ್ಯಾಮಿ ಪೆಟ್ಟಿಗೆಯನ್ನು ಹಾಗೇ ಅವನ ಗದ್ದದ ಕೆಳಗೆ ಹಿಡಿದಳು. ಬಣ್ಣ ನೆನೆಯಿತು!

ರಾಜ ಕಣ್ಣು ಮುಚ್ಚಿಕೊಂಡು ಕುಂಚ ಆಡಿಸಿದ.

"ಗೆರೆ ದಾಟ್ತಿದೆ!" ಎಂದು ಗುಮ್ಮ ಕೂಗಿದ. "ನೋಡಿ ಹಚ್ಚು, ಜಗ್ಗು!"

ರಾಜ ಒಂದು ಕಣ್ಣು ತೆರೆದ. ಕಾಲಿಗೆ ಹಸಿರು, ಹೊಟ್ಟೆಗೆ ನೇರಳೆ. ಇನ್ನೊಂದು ಕಣ್ಣನ್ನೂ ತೆರೆದ. ಕೊಂಬಿಗೆ ಕಿತ್ತಳೆ, ಹಲ್ಲಿಗೆ ನೀಲಿ. ಉಳಿದದ್ದು ಮುಖ. ಈ ಸಲ ನೇರ ನೋಡಿದ, ಕೆನ್ನೆಗೆ ಗುಲಾಬಿ ಹಚ್ಚಿದ. ಹೊತ್ತು ಮುಳುಗುವ ಮುಂಚಿನ ಕೊನೆಯ ಕ್ಷಣದಲ್ಲಿ ಮೂಗಿನ ತುದಿಗೆ ಕೆಂಪು ಚುಕ್ಕೆ ಇಟ್ಟ. ಎದುರಿಗೆ ನಿಂತಿದ್ದುದು ಸೊಟ್ಟ ಮೂಗಿನ, ಗುಲಾಬಿ ಕೆನ್ನೆಯ ಗುಮ್ಮ. "ಇಷ್ಟೇನಾ?" ಎಂದ ರಾಜ. "ಇಷ್ಟಕ್ಕಾ ನಾನು ಮೂವತ್ತು ವರ್ಷ ಓಡಿದ್ದು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಗುಮ್ಮನೂ ಹೊಟ್ಟೆ ತುಂಬಿದವನ ಹಾಗೆ ನಕ್ಕು, ಅಂಗೈಯಗಲದ ಬಣ್ಣದ ಕಾಗದವಾಗಿ ಕೆಳಗಿಳಿದ. ಅದೇ ಗಳಿಗೆಯಲ್ಲಿ ನೆಕ್ಕಿದ್ದ ಬಣ್ಣವೆಲ್ಲ ಕಿಟಕಿಯಿಂದ ಹೊರಗೆ ಹಾರಿತು. ಚೆಂಡುಹೂವು ಹಳದಿಯಾಯಿತು, ಗಿಳಿ ಹಸಿರಾಯಿತು, ಊರಿನ ಮಕ್ಕಳು ಕಲ್ಲುಗಳನ್ನು ಒದ್ದು ಎದ್ದರು. ದ್ಯಾಮಿಯ ಬೆನ್ನ ಮೇಲೆ ಕೊಳವೆ ಫಟ್ಟೆಂದು ಸಿಡಿದು ಸಣ್ಣೀರ ಹೊರಗೆ ಬಿದ್ದ. ಕಪ್ಪು ಕೂದಲು, ಕೆಂಪು ಅಂಗಿ, ಕೊಳೆ ಮೊಣಕಾಲು, ಎಲ್ಲ ಇತ್ತು.

"ಅಕ್ಕಾ, ತಲೆಕೆಳಗೆ ಸುತ್ತಿದ್ದೆಯಲ್ಲೇ!" ಎಂದು ರೇಗಿದ. ದ್ಯಾಮಿ ಬಾಚಿ ತಬ್ಬಿಕೊಂಡು ಅಳುತ್ತಿರುವಾಗ ಅವಳ ಕಿವಿಯ ಹತ್ತಿರ ಮೆಲ್ಲಗೆ ಕೇಳಿದ, "ಈಗಾದ್ರೂ ಬಣ್ಣ ಕೊಡ್ತೀಯಾ?"

ದ್ಯಾಮಿಯ ಮೂರೂ ಪೊಟ್ಟಣ ಖಾಲಿ. ರಾಜ ತನ್ನ ಪೆಟ್ಟಿಗೆಯನ್ನು ಸಣ್ಣೀರನ ಕೈಗಿಟ್ಟ.

ಮಾರನೆಯ ಬೆಳಿಗ್ಗೆಯೇ ಮತ್ತೆ ಡಂಗುರ, ಮತ್ತೆ ಬೆಚ್ಚುಹಬ್ಬ! ಸಣ್ಣೀರ ಸುಣ್ಣದ ಗೋಡೆಯ ಮೇಲೆ ತನ್ನ ಗುಮ್ಮನನ್ನು ಮತ್ತೆ ಬರೆದ. ದ್ಯಾಮಿ ಪಕ್ಕದಲ್ಲೇ ಬಣ್ಣ ಕಲಸಿ ಕೊಡುತ್ತ ಕೂತಳು, ಕೊನೆಯ ಉಗುರು ಮುಗಿಯುವವರೆಗೂ ಏಳಲಿಲ್ಲ. ರಾಜನ ಗುಮ್ಮ ಅರಮನೆಯ ಹೆಬ್ಬಾಗಿಲಿನಲ್ಲಿ ತೂಗಾಡಿತು. ಹುಲಿ, ಬಾವಲಿ, ಹೆಬ್ಬಾವು ಪ್ರತಿ ವರ್ಷ ಗುಡ್ಡ ಇಳಿದು ಬಂದು ಮಕ್ಕಳ ಸಾಲಿನಲ್ಲಿ ಕಾಗದಕ್ಕೆ ಕಾಯುತ್ತಿದ್ದವು. ಹೀಗೆ ಬಣ್ಣಗಿರಿಯವರೆಲ್ಲ ವರ್ಷಕ್ಕೊಂದು ದಿನ ಹೊಟ್ಟೆ ತುಂಬ ಹೆದರಿ, ಉಳಿದ ದಿನಗಳಲ್ಲಿ ಸುಖವಾಗಿ ಬಾಳಿದರು.